ಮರಣದಂಡನೆಯ ಕಾಯಿದೆಯಲ್ಲಿ ವಿಶೇಷಣಗಳು: ಅಮೆರಿಕದ ಕೆಲವು ರಾಜ್ಯಗಳ ‘ಉಲ್ಬಣಕಾರಕ ಸಂಗತಿ’ಗಳನ್ನು ಕುರಿತು

ಕಾವ್ಯನಾಟಕಗಳ ಭಾಷೆಯನ್ನು ಪರೀಕ್ಷಿಸುವಷ್ಟು ಶ್ರದ್ಧೆಯಿಂದ ಶಾಸನದ ಭಾಷೆಯನ್ನು ಪರೀಕ್ಷಿಸುವ ವಾಡಿಕೆ ನಮ್ಮ ಕಾಲೇಜುಗಳಲ್ಲಿ ಇನ್ನೂ ಬೆಳೆದಿಲ್ಲ. ಇಲ್ಲಿ ಶಾಸನವೆಂದರೆ ಶಿಲಾಶಾಸನವಲ್ಲ. ಅದನ್ನು ಓದುವುದರಲ್ಲಿ ನಮ್ಮ ವಿದ್ವಾಂಸರು ಯಾರಿಗೂ ಹಿಂದಾಗಿಲ್ಲ. ಶಾಸನಸಭೆಯು ಅಂಗೀಕರಿಸಿದ ಕಾಯಿದೆಯ ಮಾತನ್ನು ನಾವು ಹೇಳುತ್ತಿದ್ದೇವೆ. ಕವಿತೆಯೊಂದರಲ್ಲಿ ಒಂದು ಪದದ ಅರ್ಥ ಇಷ್ಟೇ ಎಂದು ನಿಷ್ಕರ್ಷೆಯಾಗದೆ ಹೋದರೆ ಒದಗುವುದು ಹೆಚ್ಚೆಂದರೆ ಎರಡು ವ್ಯಾಖ್ಯಾನಗಳು. ಕಾಯಿದೆಯಲ್ಲಿ ಹಾಗಾದರೆ ಒಬ್ಬ ಮನುಷ್ಯನ ಪ್ರಾಣ ಹೋಗಬಹುದು. ಅಮೆರಿಕದ ಸಂಯುಕ್ತ ಸಂಸ್ಥಾನದ ರಾಜ್ಯಗಳು ಮರಣದಂಡನೆಗಾಗಿ ರಚಿಸಿಕೊಂಡಿರುವ ‘ಉಲ್ಬಣಕಾರಕ ಸಂಗತಿ’ಗಳ ಪಟ್ಟಿಗಳನ್ನು ಈ ಲೇಖನದಲ್ಲಿ ಭಾಷೆಯ ದೃಷ್ಟಿಯಿಂದ ವಿಮರ್ಶಿಸಬಯಸುತ್ತೇವೆ. ಕೊಲೆಗಳ ಸಮೂಹದಿಂದ ಒಂದನ್ನು ಬೇರ್ಪಡಿಸಿ ಮರಣದಂಡನೆಗೆ ಅರ್ಹವೆನ್ನಿಸುವ ಸಂಗತಿಗೆ ನಾವು ಇಲ್ಲಿ ಕೊಟ್ಟುಕೊಂಡಿರುವ ಹೆಸರು ಅದು. ಅಪರಾಧದ ಭಾರವನ್ನು ಇಳಿಸುವ ಸಂಗತಿಗಳನ್ನು ‘ಉಪಶಾಮಕ’ ಎಂದು ಕರೆಯುತ್ತೇವೆ.

ಮೊದಲು ಸ್ವಲ್ಪ ಇತಿಹಾಸ. ಅಮೆರಿಕದಲ್ಲಿ ಕೊಲೆಗೆ ಶಿಕ್ಷೆಯನ್ನು ಗೊತ್ತುಮಾಡುವ ಕಾಯಿದೆ ಮುಖ್ಯವಾಗಿ ಆಯಾ ರಾಜ್ಯದ್ದು. 1972ಕ್ಕೆ ಮುಂಚೆ ಮರಣದಂಡನೆಯನ್ನು ಉಳಿಸಿಕೊಂಡಿದ್ದ ರಾಜ್ಯಗಳಲ್ಲಿ ಮರಣವೋ ಸೆರೆವಾಸವೋ ಎಂಬುದನ್ನು ಸಾಮಾನ್ಯವಾಗಿ ಜೂರಿಯ ವಿವೇಚನೆಗೇ ಬಿಡಲಾಗಿತ್ತು. ಆ ವಿವೇಚನೆಗೆ ದಾರಿ ತೋರಿಸುವ ಮಾತು ಕಾಯಿದೆಯಲ್ಲಿ ಇರುತ್ತಿರಲಿಲ್ಲ. 1971ರ ಮೆಗಾಥಾ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಹಾರ್ಲನ್ನರು ಈ ಪದ್ಧತಿಯನ್ನು ಎತ್ತಿಹಿಡಿದರು. ಯಾವ ಕೊಲೆಗೆ ಮರಣವೇ ತಕ್ಕದ್ದೆಂದು ಮುಂಚಿತವಾಗಿ ಗುರುತಿಸಿ, ಶಿಕ್ಷೆ ವಿಧಿಸುವವರು ತಿಳಿದು ಅನ್ವಯಿಸಬಲ್ಲ ಮಾತಿನಲ್ಲಿ ಅದನ್ನು ಹೇಳುವುದು ಈಗಿನ ಮಾನವಶಕ್ತಿಗೆ ಮೀರಿದ ಕೆಲಸವೆಂಬುದು ಅವರ ಅಭಿಪ್ರಾಯದ ತಿರುಳು. ಮರುವರ್ಷವೇ, 1972ರ ಜೂನ್ 29ರಂದು, ಫರ್ಮನ್ ಮೊಕದ್ದಮೆಯಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯ ಐವರು ನಾಲ್ವರು ಎಂಬ ಅಂತರದಿಂದ ಹಳೆಯ ಪದ್ಧತಿಯನ್ನು ತಳ್ಳಿಹಾಕಿತು. ಒಂಬತ್ತು ಮಂದಿ ನ್ಯಾಯಮೂರ್ತಿಗಳೂ ಒಂಬತ್ತು ಪ್ರತ್ಯೇಕ ಅಭಿಪ್ರಾಯಗಳನ್ನು ಬರೆದರು. ಅವುಗಳಲ್ಲಿ ಸ್ಟೂವರ್ಟರ ಉಪಮೆ ಹೆಸರಾಯಿತು: ಇಂಥ ಪದ್ಧತಿಯಲ್ಲಿ ಮರಣದಂಡನೆಗೆ ಗುರಿಯಾಗುವುದು ಸಿಡಿಲು ಬಡಿದಂತೆ ಎಂದರು ಅವರು.

ಸಿಡಿಲಿಗೆ ನಿಯಮ ಕಲಿಸಲು ರಾಜ್ಯಗಳ ಶಾಸನಸಭೆಗಳು ಹೊರಟವು. ಸುಮಾರು 35 ರಾಜ್ಯಗಳು ನಾಲ್ಕು ವರ್ಷಗಳೊಳಗೆ ಹೊಸ ಕಾಯಿದೆಗಳನ್ನು ಮಾಡಿಕೊಂಡವು. ಕೆಲವು, ಉತ್ತರ ಕೆರೊಲಿನ ಮತ್ತು ಲೂಸಿಯಾನಗಳಂತೆ, ವಿವೇಚನೆಯನ್ನೇ ತೆಗೆದುಹಾಕಿ ಗೊತ್ತಾದ ಕೊಲೆಗಳಿಗೆ ಮರಣವೇ ಕಡ್ಡಾಯವೆಂದವು. ಜಾರ್ಜಿಯ, ಫ್ಲಾರಿಡ ಮೊದಲಾದುವು ಪಟ್ಟಿಯ ದಾರಿಯನ್ನು ಹಿಡಿದವು. ಮಾದರಿ ಅವರ ಕೈಗೆ ಸಿದ್ಧವಾಗಿಯೇ ಇತ್ತು: ಅಮೆರಿಕನ್ ಲಾ ಇನ್‌ಸ್ಟಿಟ್ಯೂಟ್ ಎಂಬ ವಿದ್ವತ್ಸಂಸ್ಥೆ 1962ರಲ್ಲಿ ಹೊರತಂದ ಮಾದರಿ ದಂಡಸಂಹಿತೆಯಲ್ಲಿ ಉಲ್ಬಣಕಾರಕಗಳದೊಂದು, ಉಪಶಾಮಕಗಳದೊಂದು, ಹೀಗೆ ಎರಡು ಪಟ್ಟಿಗಳಿದ್ದವು. 1976ರ ಜುಲೈ 2ರಂದು ಸರ್ವೋಚ್ಚ ನ್ಯಾಯಾಲಯ ಒಟ್ಟಿಗೆ ಐದು ತೀರ್ಪುಗಳನ್ನು ಕೊಟ್ಟಿತು. ಕಡ್ಡಾಯದ ಕಾಯಿದೆಗಳು ಬಿದ್ದವು. ಜಾರ್ಜಿಯ, ಫ್ಲಾರಿಡ, ಟೆಕ್ಸಾಸುಗಳ ಕಾಯಿದೆಗಳು ನಿಂತವು. ಅಂದಿನಿಂದ ಅಮೆರಿಕದ ಮರಣದಂಡನೆ ಬಹುಮಟ್ಟಿಗೆ ಪಟ್ಟಿಯ ಮೇಲೆ ನಿಂತಿದೆ ಎನ್ನಬಹುದು.

ಪಟ್ಟಿಯ ಉದ್ದೇಶ ಕೊಲೆಗಳಲ್ಲಿ ಕೆಲವನ್ನು ಮಾತ್ರ ಬೇರ್ಪಡಿಸುವುದು. ಎಂದರೆ ಅದು ಲಕ್ಷಣ ಹೇಳುವ ಕೆಲಸ. ಈ ಕೆಲಸವನ್ನು ಪರೀಕ್ಷಿಸಲು ನಮ್ಮ ತರ್ಕಶಾಸ್ತ್ರದಲ್ಲಿ ಒಳ್ಳೆಯ ಒರೆಗಲ್ಲು ಇದೆ. ಕೊಂಬುಳ್ಳದ್ದು ಹಸು ಎಂದು ಲಕ್ಷಣ ಹೇಳಿದರೆ ಎಮ್ಮೆಯೂ ಹಸುವಾಗುತ್ತದೆ, ಅದು ಅತಿವ್ಯಾಪ್ತಿ. ಕಪಿಲ ವರ್ಣದ್ದು ಹಸು ಎಂದರೆ ಬಿಳಿಯ ಹಸು ಹೊರಗುಳಿಯುತ್ತದೆ, ಅದು ಅವ್ಯಾಪ್ತಿ. ಒಂಟಿ ಗೊರಸಿನದು ಹಸು ಎಂದರೆ ಯಾವ ಹಸುವೂ ಸಿಕ್ಕದು, ಅದು ಅಸಂಭವ. ಶಾಸನಸಭೆಗಳು ಅಸಂಭವದ ದೋಷಕ್ಕೆ ಬೀಳುವುದು ಅಪರೂಪ. ಯಾರಿಗೂ ಅನ್ವಯಿಸದ ಕಾಯಿದೆಯನ್ನು ಮಾಡಿ ಮತ ಗಳಿಸಿದವರನ್ನು ನಾವು ಕಾಣೆವು. ಅವ್ಯಾಪ್ತಿಯ ಮಾತೂ ಇಲ್ಲಿ ದೊಡ್ಡದಲ್ಲ. ವಿಚಾರಿಸಬೇಕಾದದ್ದು ಅತಿವ್ಯಾಪ್ತಿ.

ಜಾರ್ಜಿಯ 1973ರಲ್ಲಿ ಅಂಗೀಕರಿಸಿದ ಪಟ್ಟಿಯನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಹತ್ತು ಸಂಗತಿಗಳಿದ್ದವು. ಹಣಕ್ಕಾಗಿ ಕೊಂದದ್ದು, ಇನ್ನೊಬ್ಬನಿಂದ ಕೊಲ್ಲಿಸಿದ್ದು, ಕರ್ತವ್ಯದಲ್ಲಿದ್ದ ಪೋಲೀಸಿನವನನ್ನು ಕೊಂದದ್ದು, ಸೆರೆಯಿಂದ ತಪ್ಪಿಸಿಕೊಂಡವನು ಕೊಂದದ್ದು, ಇವು ಒಂದು ಜಾತಿ. ಇವನ್ನು ಸಾಕ್ಷಿಯಿಂದ ಸ್ಥಾಪಿಸಬಹುದು, ಸಾಕ್ಷಿಯಿಂದಲೇ ಅಲ್ಲಗಳೆಯಬಹುದು. ಹಣ ಕೈ ಬದಲಾಯಿಸಿತೋ ಇಲ್ಲವೋ, ಸತ್ತವನು ಪೋಲೀಸಿನವನು ಹೌದೋ ಅಲ್ಲವೋ ಎಂಬ ಪ್ರಶ್ನೆಗೆ ಉತ್ತರವುಂಟು. ಏಳನೆಯದು ಮಾತ್ರ ಬೇರೆ ಜಾತಿಯದು. ಕೊಲೆಯು ಮಿತಿಮೀರಿ ನೀಚವೂ ಭಯಂಕರವೂ ಅಮಾನುಷವೂ ಆಗಿದ್ದು, ಅದರಲ್ಲಿ ಚಿತ್ರಹಿಂಸೆಯೋ ಮನಸ್ಸಿನ ದುಷ್ಟತೆಯೋ ಉಗ್ರವಾದ ಪೆಟ್ಟೋ ಇದ್ದರೆ ಎಂಬರ್ಥದ ವಾಕ್ಯ ಅದು. ಮಾದರಿ ಸಂಹಿತೆಯಲ್ಲಿಯೂ ಇದಕ್ಕೆ ಸಮನಾದ ಒಂದು ಮಾತಿತ್ತು: ‘ವಿಶೇಷವಾಗಿ ಘೋರ, ಭೀಕರ ಅಥವಾ ಕ್ರೂರ’ವಾಗಿದ್ದು ಅಸಾಧಾರಣ ದುಷ್ಟತೆಯನ್ನು ತೋರಿದರೆ ಎಂದು. ಫ್ಲಾರಿಡ ಅದರ ಮೊದಲರ್ಧವನ್ನು ತೆಗೆದುಕೊಂಡಿತು. ನೆಬ್ರಾಸ್ಕ ಅಸಾಧಾರಣ ದುಷ್ಟತೆಯನ್ನು ‘ಸಾಧಾರಣವಾದ ನೀತಿ ಮತ್ತು ಬುದ್ಧಿಯ ಮಟ್ಟದಿಂದ’ ಅಳೆಯಬೇಕೆಂದು ಸೇರಿಸಿತು. ಅಸಾಧಾರಣವನ್ನು ಅಳೆಯಲು ಸಾಧಾರಣದ ಮೊಳಗೋಲು! ಈ ವಾಕ್ಯವನ್ನು ಬರೆದವರು ನಗದೆ ಬರೆದರೆಂದು ನಂಬಬೇಕಾಗಿದೆ.

ಇಂಗ್ಲಿಷಿನ ಈ ವಿಶೇಷಣಗಳನ್ನು ಕನ್ನಡಕ್ಕೆ ತರಲು ಯತ್ನಿಸಿದವರಿಗೆ ಒಂದು ವಿಷಯ ಕೂಡಲೆ ಗೋಚರವಾಗುತ್ತದೆ. ‘ಹಣ ಪಡೆದು ಕೊಂದವನು’ ಎಂಬುದು ಯಾವ ಭಾಷೆಯಲ್ಲಿಯೂ ಅದೇ ಮನುಷ್ಯ. ಆದರೆ ಮೇಲಿನ ಮೂರು ವಿಶೇಷಣಗಳಿಗೆ ಘೋರ, ಭೀಕರ, ಕ್ರೂರ ಎಂದರೂ ಸರಿ, ಹೇಯ, ದಾರುಣ, ನಿರ್ದಯ ಎಂದರೂ ಸರಿ. ಸ್ಥಾನಗಳನ್ನು ಅದಲುಬದಲು ಮಾಡಿದರೂ ವಾಕ್ಯಕ್ಕೆ ನಷ್ಟವಿಲ್ಲ. ಸ್ಥಾನ ಬದಲಿಸಿದರೂ ಏನೂ ಕಳೆದುಕೊಳ್ಳದ ಪದ ಆ ಸ್ಥಾನದಲ್ಲಿ ಏನನ್ನೂ ಮಾಡುತ್ತಿರಲಿಲ್ಲವೆಂದೇ ಅರ್ಥ. ನಮ್ಮ ದಿನಪತ್ರಿಕೆಗಳಲ್ಲಿ ‘ಭೀಕರ ಕೊಲೆ’, ‘ಬರ್ಬರ ಹತ್ಯೆ’ ಎಂಬುವು ಸಮಾಸಪದಗಳಂತೆಯೇ ಆಗಿಹೋಗಿವೆ. ಭೀಕರವಲ್ಲದ ಕೊಲೆಯ ಸುದ್ದಿಯನ್ನು ನಾವು ಇದುವರೆಗೆ ಓದಿಲ್ಲ.

ಈ ದೋಷ ನ್ಯಾಯಾಲಯದಲ್ಲಿ ಹೊರಬಿದ್ದದ್ದು ಗಾಡ್‌ಫ್ರಿ ಮೊಕದ್ದಮೆಯಲ್ಲಿ, 1980ರ ಮೇ 19ರಂದು. ಜಾರ್ಜಿಯದ ಒಬ್ಬಾತ ಹೆಂಡತಿಯನ್ನೂ ಅತ್ತೆಯನ್ನೂ ಬಂದೂಕಿನಿಂದ ಹೊಡೆದು ಕೊಂದಿದ್ದ. ಇಬ್ಬರೂ ತತ್‌ಕ್ಷಣ ಸತ್ತರು, ಚಿತ್ರಹಿಂಸೆ ನಡೆದಿರಲಿಲ್ಲ. ಜೂರಿ ಏಳನೆಯ ಸಂಗತಿಯನ್ನು ಅನ್ವಯಿಸಿ ಮರಣವನ್ನು ವಿಧಿಸಿತು, ರಾಜ್ಯದ ನ್ಯಾಯಾಲಯ ಒಪ್ಪಿತು. ಸರ್ವೋಚ್ಚ ನ್ಯಾಯಾಲಯ ಆ ಶಿಕ್ಷೆಯನ್ನು ರದ್ದುಮಾಡುತ್ತ, ಸಾಮಾನ್ಯ ಸಂವೇದನೆಯುಳ್ಳ ಯಾವ ಮನುಷ್ಯನೂ ಹೆಚ್ಚುಕಡಿಮೆ ಪ್ರತಿಯೊಂದು ಕೊಲೆಯನ್ನೂ ಹೀಗೆಯೇ ವರ್ಣಿಸಬಹುದೆಂದು ಹೇಳಿತು. ಅತಿವ್ಯಾಪ್ತಿಯೆಂಬ ಹೆಸರನ್ನು ಅವರು ಅರಿಯರು. ದೋಷವನ್ನು ಮಾತ್ರ ಸರಿಯಾಗಿ ಅರಿತರು. 1988ರಲ್ಲಿ ಓಕ್ಲಹೋಮದ ಕಾರ್ಟ್‌ರೈಟ್ ಮೊಕದ್ದಮೆಯಲ್ಲಿ ‘ವಿಶೇಷವಾಗಿ’ ಎಂಬ ಪದದ ಸರದಿ ಬಂತು. ಆ ಕ್ರಿಯಾವಿಶೇಷಣವು ಆಯ್ಕೆಯನ್ನು ಕಿರಿದುಮಾಡುತ್ತದೆಂಬ ವಾದ ನಿಲ್ಲಲಿಲ್ಲ: ನ್ಯಾಯಸಮ್ಮತವಲ್ಲದ, ಉದ್ದೇಶಪೂರ್ವಕವಾದ ಪ್ರತಿಯೊಂದು ಕೊಲೆಯೂ ‘ವಿಶೇಷವಾಗಿ’ ಘೋರವೆಂದು ಪ್ರಾಮಾಣಿಕನೊಬ್ಬ ನಂಬಬಹುದಷ್ಟೆ. ಓಕ್ಲಹೋಮದ ನ್ಯಾಯಾಲಯ ಚಿತ್ರಹಿಂಸೆ ಅಥವಾ ಗಂಭೀರವಾದ ದೈಹಿಕ ಪೀಡೆ ನಡೆದಿದ್ದರೆ ಮಾತ್ರ ಆ ಸಂಗತಿ ಸಲ್ಲುತ್ತದೆಂದು ಗೆರೆ ಎಳೆಯಿತು. ಗುಣವಾಚಕವನ್ನು ಬಿಟ್ಟು ಸಂಗತಿಯೊಂದನ್ನು ಹಿಡಿದ ಮೇಲೆಯೇ ಲಕ್ಷಣಕ್ಕೆ ಬಲ ಬಂದುದನ್ನು ಗಮನಿಸಬೇಕು.

ಎಲ್ಲ ಕಡೆಯೂ ಹೀಗಾಗಲಿಲ್ಲ. ಕ್ಯಾಲಿಫೋರ್ನಿಯದಲ್ಲಿ 1978ರ ಜನಮತದಿಂದ ಜಾರಿಗೆ ಬಂದ ಕಾಯಿದೆ ‘ಘೋರ, ಭೀಕರ, ಕ್ರೂರ’ ಎಂದರೇನೆಂಬುದನ್ನು ತಾನೇ ವಿವರಿಸಿತು. ವಿವರಣೆಯೇನೆಂದರೆ: ಆತ್ಮಸಾಕ್ಷಿಯಿಲ್ಲದ ಅಥವಾ ಕರುಣೆಯಿಲ್ಲದ, ಅನಗತ್ಯವಾಗಿ ಯಾತನೆ ಕೊಡುವ ಅಪರಾಧ. ಒಂದು ವಿಶೇಷಣದ ಅರ್ಥವನ್ನು ಕೇಳಿದರೆ ಇನ್ನೆರಡು ವಿಶೇಷಣಗಳು ಎದ್ದುಬಂದವು. 1982ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವೇ ಇದನ್ನು ಅಸ್ಪಷ್ಟವೆಂದು ಹೊಡೆದುಹಾಕಿತು. ಐಡಾಹೋ ರಾಜ್ಯದ ಪಟ್ಟಿಯಲ್ಲಿ ‘ಮಾನವಜೀವದ ಬಗ್ಗೆ ಪೂರ್ಣ ತಾತ್ಸಾರ’ ಎಂಬುದು ಒಂದು ಸಂಗತಿ. ಅದಕ್ಕೆ ಅಲ್ಲಿಯ ನ್ಯಾಯಾಲಯ ‘ತಣ್ಣನೆಯ ರಕ್ತದ, ಕರುಣೆಯಿಲ್ಲದ ಕೊಲೆಗಾರ’ ಎಂದು ಟೀಕೆ ಬರೆಯಿತು. ಇದು 1993ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಾಗ ಬಹುಮತದವರು ನಿಘಂಟನ್ನು ತೆರೆದು ಆ ಪದಗಳ ಅರ್ಥವನ್ನು ನೋಡಿ, ಇದು ಕೊಂದವನ ಮನಃಸ್ಥಿತಿಯನ್ನು ಹೇಳುವ ಸಂಗತಿ, ಸಾಕ್ಷ್ಯದಿಂದ ಊಹಿಸಬಹುದಾದದ್ದು ಎಂದು ಒಪ್ಪಿಕೊಂಡರು. ಬ್ಲ್ಯಾಕ್‌ಮನ್ನರೂ ಸ್ಟೀವನ್ಸರೂ ಒಪ್ಪಲಿಲ್ಲ. ನಿಘಂಟು ಪದಕ್ಕೆ ಪ್ರತಿಪದವನ್ನು ಕೊಡಬಲ್ಲುದು; ಯಾವ ಕೊಲೆಗಾರ ಕರುಣೆಯಿದ್ದು ಕೊಂದನೆಂಬುದನ್ನು ಕೊಡಲಾರದು. ಈ ತೀರ್ಪು ನಮಗೆ ಆ ಸರಣಿಯಲ್ಲಿ ಅತ್ಯಂತ ದುರ್ಬಲವಾಗಿ ಕಾಣುತ್ತದೆ.

ದೋಷದ ಮೂಲ ಎಲ್ಲಿದೆ? ಅಲಂಕಾರಶಾಸ್ತ್ರವನ್ನು ಓದಿದ ವಿದ್ಯಾರ್ಥಿಗೆ ಇದು ತೊಡಕಿನ ಪ್ರಶ್ನೆಯಾಗಬೇಕಾಗಿಲ್ಲ. ಬೀಭತ್ಸಕ್ಕೆ ಸ್ಥಾಯಿ ಜುಗುಪ್ಸೆ, ಭಯಾನಕಕ್ಕೆ ಭಯ, ರೌದ್ರಕ್ಕೆ ಕ್ರೋಧ. ರಸವು ನೋಡುವ ಸಹೃದಯನಲ್ಲಿ ನಿಷ್ಪನ್ನವಾಗುವುದೇ ಹೊರತು ಎದುರಿಗಿರುವ ವಸ್ತುವಿನಲ್ಲಿ ಕುಳಿತಿರುವುದಲ್ಲ. ‘ಘೋರ’, ‘ಭೀಕರ’ ಎಂಬ ಪದಗಳು ಕೊಲೆಯ ಗುಣವನ್ನು ಹೇಳುವಂತೆ ತೋರಿದರೂ ವಾಸ್ತವವಾಗಿ ಹೇಳುವುದು ಜೂರಿಯ ಪೀಠದಲ್ಲಿ ಕುಳಿತವರ ಚಿತ್ತವೃತ್ತಿಯನ್ನು. ಕೊಲೆಯ ವಿವರಗಳನ್ನು ಕೇಳಿ, ಛಾಯಾಚಿತ್ರಗಳನ್ನು ನೋಡಿ ಜುಗುಪ್ಸೆಗೊಳ್ಳದವರು ಯಾರು? ಹಾಗೆ ಜುಗುಪ್ಸೆಗೊಂಡವರನ್ನು ‘ಇದು ಜುಗುಪ್ಸಾಕರವೇ?’ ಎಂದು ಕಾಯಿದೆ ಕೇಳುತ್ತದೆ. ಉತ್ತರ ಪ್ರಶ್ನೆಯಲ್ಲಿಯೇ ಅಡಗಿದೆ. ನ್ಯಾಯಾಧೀಶರೇ ಶಿಕ್ಷೆ ವಿಧಿಸುವಲ್ಲಿ ಅವರು ಕಾನೂನನ್ನು ಬಲ್ಲವರಾದ್ದರಿಂದ ಅಸ್ಪಷ್ಟ ಪದದಿಂದ ಹಾನಿಯಿಲ್ಲವೆಂದು 1990ರಲ್ಲಿ ಅರಿಜೋನದ ವಾಲ್ಟನ್ ಮೊಕದ್ದಮೆಯಲ್ಲಿ ಹೇಳಲಾಗಿತ್ತು. 2002ರ ರಿಂಗ್ ತೀರ್ಪು ಉಲ್ಬಣಕಾರಕ ಸಂಗತಿಯನ್ನು ಜೂರಿಯೇ ನಿರ್ಧರಿಸಬೇಕೆಂದ ಮೇಲೆ ಆ ಸಮಾಧಾನಕ್ಕೂ ಎಡೆಯಿಲ್ಲವಾಯಿತು.

ವಿಶೇಷಣಗಳನ್ನೆಲ್ಲ ಕಿತ್ತುಹಾಕಿ ಸಂಗತಿಗಳನ್ನು ಮಾತ್ರ ಉಳಿಸಿಕೊಂಡರೆ ಪಟ್ಟಿ ನಿರ್ದುಷ್ಟವಾಗುವುದೇ ಎಂದು ಕೇಳಬಹುದು. ಇಲ್ಲಿ ನಮ್ಮ ವಿಚಾರ ಇನ್ನೊಂದು ಮೆಟ್ಟಿಲನ್ನು ಏರಬೇಕಾಗಿದೆ. ಒಂದೊಂದೂ ತನ್ನಷ್ಟಕ್ಕೆ ಸರಿಯಾದ ಲಕ್ಷಣಗಳು ಕೂಡಿ ಸಮುದಾಯದಲ್ಲಿ ಅತಿವ್ಯಾಪ್ತಿಯನ್ನು ಉಂಟುಮಾಡಬಲ್ಲವು. ಹಸುವನ್ನು ಬೇರ್ಪಡಿಸಲು ಹೊರಟವನು ಕೊಂಬಿದ್ದರೆ ಆಗಬಹುದು, ಇಲ್ಲವೆ ಬಾಲವಿದ್ದರೆ ಆಗಬಹುದು, ಇಲ್ಲವೆ ನಾಲ್ಕು ಕಾಲಿದ್ದರೂ ಆಗಬಹುದು ಎನ್ನುತ್ತ ಹೋದರೆ ಕೊನೆಗೆ ಕೊಟ್ಟಿಗೆಯೊಳಕ್ಕೆ ಬಾರದ ಪ್ರಾಣಿಯೇ ಇರುವುದಿಲ್ಲ. ಪಟ್ಟಿಯ ಸಂಗತಿಗಳ ನಡುವೆ ಇರುವುದು ‘ಮತ್ತು’ ಅಲ್ಲ, ‘ಅಥವಾ’. ಒಂದು ಸಿಕ್ಕರೆ ಸಾಕು.

ಪಟ್ಟಿಗಳು ಬೆಳೆದ ಬಗೆಯೂ ಇದಕ್ಕೆ ಅನುಕೂಲವಾಗಿದೆ. ನಾಡನ್ನು ನಡುಗಿಸುವ ಒಂದು ಕೊಲೆ ನಡೆಯುತ್ತದೆ. ಮುಂದಿನ ಅಧಿವೇಶನದಲ್ಲಿ ಆ ಕೊಲೆಯ ಆಕಾರಕ್ಕೆ ಒಪ್ಪುವ ಒಂದು ಹೊಸ ಸಂಗತಿ ಪಟ್ಟಿಗೆ ಸೇರುತ್ತದೆ. ಸೇರಿಸುವುದಕ್ಕೆ ವಿರೋಧವಾಗಿ ಮತ ಕೊಡುವ ಧೈರ್ಯ ಯಾವ ಸದಸ್ಯನಿಗೂ ಸುಲಭವಲ್ಲ. ಟೆಕ್ಸಾಸಿನಲ್ಲಿ ಆರು ವರ್ಷಕ್ಕೆ ಕೆಳಗಿನ ಮಗುವಿನ ಕೊಲೆ 1993ರಲ್ಲಿ ಪಟ್ಟಿಗೆ ಸೇರಿತು. 2011ರಲ್ಲಿ ಆ ವಯಸ್ಸನ್ನು ಹತ್ತಕ್ಕೆ ಏರಿಸಲಾಯಿತು. ಮಗುವಿನ ಕೊಲೆಯನ್ನು ಹಗುರವಾಗಿ ಕಾಣಬೇಕೆಂದು ನಾವು ಹೇಳುತ್ತಿಲ್ಲ. ಒಂದೊಂದು ಸೇರ್ಪಡೆಯೂ ಹೀಗೆ ಆಕ್ಷೇಪಿಸಲಾಗದಂತಿರುತ್ತದೆ, ಪಟ್ಟಿ ಬೆಳೆಯುವ ರಹಸ್ಯವೇ ಅದು ಎಂದು ಹೇಳುತ್ತಿದ್ದೇವೆ. ಇದರ ಜೊತೆಗೆ ಇನ್ನೊಂದು ಸಂಗತಿಯನ್ನು ಕೂಡಿಸಿಕೊಳ್ಳಬೇಕು. ದರೋಡೆ, ಅತ್ಯಾಚಾರ ಮೊದಲಾದ ಅಪರಾಧದ ನಡುವೆ ನಡೆದ ಕೊಲೆ ಅನೇಕ ರಾಜ್ಯಗಳಲ್ಲಿ ಆ ಕಾರಣದಿಂದಲೇ ಮೊದಲ ದರ್ಜೆಯ ಕೊಲೆಯೆನಿಸುತ್ತದೆ. ಅದೇ ದರೋಡೆ ಪಟ್ಟಿಯಲ್ಲಿಯೂ ಉಲ್ಬಣಕಾರಕವಾಗಿ ಮತ್ತೆ ಬರುತ್ತದೆ. ಒಂದೇ ನಾಣ್ಯವನ್ನು ಎರಡು ಸಲ ಎಣಿಸಿದಂತೆ. ಉತ್ತರ ಕೆರೊಲಿನದ ನ್ಯಾಯಾಲಯ 1979ರಲ್ಲಿ ಇದು ಕೂಡದೆಂದಿತು. ಸರ್ವೋಚ್ಚ ನ್ಯಾಯಾಲಯ 1988ರಲ್ಲಿ ಲೂಸಿಯಾನದ ಮೊಕದ್ದಮೆಯೊಂದರಲ್ಲಿ ಇಂಥ ಪುನರುಕ್ತಿಗೆ ಅಡ್ಡಿಯಿಲ್ಲವೆಂದಿತು.

ಇದರ ಪರಿಣಾಮವನ್ನು ಅಂಕಿಗಳಲ್ಲಿ ನೋಡಬೇಕಾದರೆ ಅರಿಜೋನ ರಾಜ್ಯಕ್ಕೆ ಹೋಗಬೇಕು. 1973ರಲ್ಲಿ ಆರು ಸಂಗತಿಗಳಿದ್ದ ಅಲ್ಲಿಯ ಪಟ್ಟಿ ಮುಂದೆ 14ಕ್ಕೆ ಬೆಳೆಯಿತು. ವಿದ್ಯುದಾಘಾತ ಕೊಡುವ ಒಂದು ಬಗೆಯ ಆಯುಧವನ್ನು ಬಳಸಿದ್ದೂ ಅದರಲ್ಲಿ ಒಂದು ಸಂಗತಿಯಾಗಿ ಸೇರಿತ್ತು. ಹಿಡಾಲ್ಗೊ ಮೊಕದ್ದಮೆಯ ಕಕ್ಷಿದಾರನ ಪರವಾದ ವಕೀಲರು ಮಾರಿಕೋಪ ಜಿಲ್ಲೆಯ 866 ಮೊದಲ ದರ್ಜೆಯ ಕೊಲೆಯ ಪ್ರಕರಣಗಳನ್ನು ನ್ಯಾಯಾಲಯದ ಮುಂದಿಟ್ಟರು. ಅವುಗಳಲ್ಲಿ 856ಕ್ಕೆ ಪಟ್ಟಿಯ ಯಾವುದಾದರೊಂದು ಸಂಗತಿ ಅನ್ವಯಿಸುತ್ತಿತ್ತು. ಎಂದರೆ ನೂರಕ್ಕೆ 98ಕ್ಕಿಂತ ಹೆಚ್ಚು. ನೂರರಲ್ಲಿ ತೊಂಬತ್ತೆಂಟನ್ನು ಹಿಡಿದುಕೊಳ್ಳುವ ಜರಡಿಯನ್ನು ಜರಡಿಯೆನ್ನಲಾದೀತೆ? 2018ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಮೇಲ್ಮನವಿಯನ್ನು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ. ಆದರೆ ಬ್ರೈಯರ್ ಅವರು ಇನ್ನೂ ಮೂವರ ಸಮ್ಮತಿಯೊಡನೆ ಬರೆದ ಟಿಪ್ಪಣಿಯಲ್ಲಿ ಪ್ರಶ್ನೆಯ ಗುರುತ್ವವನ್ನು ಎತ್ತಿ ತೋರಿಸಿ, ಹೆಚ್ಚು ಸಾಕ್ಷ್ಯದೊಡನೆ ಅದು ಮತ್ತೆ ಬರಬಹುದೆಂದು ಸೂಚಿಸಿದರು. 2019ರಲ್ಲಿ ಅರಿಜೋನದ ಶಾಸನಸಭೆ ಮೂರು ಸಂಗತಿಗಳನ್ನು ತೆಗೆದುಹಾಕಿತು. ಬೆಳೆದ ಪಟ್ಟಿ ಕುಗ್ಗಿದ್ದಕ್ಕೆ ಇದು ವಿರಳವಾದ ಉದಾಹರಣೆ.

ಪಟ್ಟಿಯ ಪಕ್ಷದಲ್ಲಿ ಹೇಳಬಹುದಾದದ್ದನ್ನು ಹೇಳದೆ ಬಿಡುವುದು ನ್ಯಾಯವಲ್ಲ. ಪಟ್ಟಿ ಬಾಗಿಲು ಮಾತ್ರ. ಒಳಗೆ ಹೋದ ಮೇಲೆ ಉಪಶಾಮಕ ಸಂಗತಿಗಳನ್ನೆಲ್ಲ ತೂಗಿ ನೋಡಿದ ಮೇಲೆಯೇ ಶಿಕ್ಷೆ ಎನ್ನುತ್ತಾರೆ ಅದರ ಸಮರ್ಥಕರು. 1983ರ ಸ್ಟೀಫನ್ಸ್ ಮೊಕದ್ದಮೆಯಲ್ಲಿ ಜೂರಿ ಕಂಡ ಸಂಗತಿಗಳಲ್ಲಿ ಒಂದು ಅಸಿಂಧುವಾದರೂ ಉಳಿದವುಗಳ ಬಲದಿಂದ ಮರಣದಂಡನೆ ನಿಂತದ್ದು ಈ ವಾದದಿಂದಲೇ. ಪಟ್ಟಿಯಿರುವುದರಿಂದ ಮೇಲಿನ ನ್ಯಾಯಾಲಯಕ್ಕೆ ಪರಿಶೀಲಿಸಲು ಒಂದು ಹಿಡಿ ಸಿಕ್ಕಿತೆಂಬುದೂ ನಿಜ. ಗಾಡ್‌ಫ್ರಿಗೆ ವಿಧಿಸಿದ್ದ ಆ ಮರಣದಂಡನೆ ರದ್ದಾಗಲು ಆ ಹಿಡಿಯೇ ಕಾರಣ. ಆದರೆ ಬಾಗಿಲು ಎಲ್ಲರಿಗೂ ತೆರೆದಿದ್ದರೆ ಒಳಗೆ ನಡೆಯುವುದು 1972ಕ್ಕೆ ಮುಂಚಿನ ವಿವೇಚನೆಯೇ. ಆ ವಿವೇಚನೆ ಯಾರ ಮೇಲೆ ಎರಗುತ್ತದೆಂಬುದನ್ನು 1987ರ ಮೆಕ್ಲೆಸ್ಕಿ ಮೊಕದ್ದಮೆ ತೋರಿಸಿಕೊಟ್ಟಿತು. ಅದರಲ್ಲಿ ಮಂಡಿತವಾದ ಬಾಲ್ಡಸ್ ಅಧ್ಯಯನದಂತೆ, ಪಟ್ಟಿ ಜಾರಿಯಲ್ಲಿದ್ದ ಜಾರ್ಜಿಯದಲ್ಲಿಯೇ, ಬಿಳಿಯರನ್ನು ಕೊಂದ ಆಪಾದಿತರಿಗೆ ಮರಣದಂಡನೆಯಾಗುವ ಸಂಭವ ಕರಿಯರನ್ನು ಕೊಂದವರಿಗಿಂತ 4.3ರಷ್ಟು ಹೆಚ್ಚಾಗಿತ್ತು. ನ್ಯಾಯಾಲಯ ಐವರು ನಾಲ್ವರ ಅಂತರದಿಂದ ಈ ಮನವಿಯನ್ನು ತಳ್ಳಿಹಾಕಿತು. ಸತ್ತವನು ತನ್ನವನಾದರೆ ಕೊಲೆ ‘ವಿಶೇಷವಾಗಿ’ ಘೋರವಾಗಿ ಕಾಣುವುದು ಮನುಷ್ಯಸ್ವಭಾವ. ಅಂಥ ಕಣ್ಣಿಗೆ ಆ ಪದ ಕಾಯಿದೆಯ ಅನುಮತಿಪತ್ರವಾಗಿ ಒದಗುತ್ತದೆ. ಮೊದಲ ಮಾದರಿಯನ್ನು ಕೊಟ್ಟ ಅಮೆರಿಕನ್ ಲಾ ಇನ್‌ಸ್ಟಿಟ್ಯೂಟ್ 2009ರಲ್ಲಿ ತನ್ನ ಸಂಹಿತೆಯಿಂದ ಆ ಪ್ರಕರಣವನ್ನೇ ಹಿಂತೆಗೆದುಕೊಂಡಿತು.

ಈ ಚರ್ಚೆ ಪರದೇಶದ್ದೆಂದು ನಮ್ಮ ಓದುಗರು ಭಾವಿಸಬೇಕಾಗಿಲ್ಲ. ಗಾಡ್‌ಫ್ರಿ ತೀರ್ಪಿಗೆ ಹತ್ತು ದಿನ ಮುಂಚೆ, 1980ರ ಮೇ 9ರಂದು, ನಮ್ಮ ಸರ್ವೋಚ್ಚ ನ್ಯಾಯಾಲಯ ಬಚನ್ ಸಿಂಗ್ ಮೊಕದ್ದಮೆಯನ್ನು ತೀರ್ಮಾನಿಸಿತು. ಮರಣದಂಡನೆ ‘ಅಪರೂಪದಲ್ಲಿ ಅಪರೂಪ’ವಾದ ಪ್ರಸಂಗಕ್ಕೆ ಮಾತ್ರ ಮೀಸಲೆಂದ ಆ ತೀರ್ಪಿನ ಬಹುಮತ ಸಮಗ್ರವಾದ ಪಟ್ಟಿಯನ್ನು ಮಾಡಲು ಒಪ್ಪಲಿಲ್ಲ. ಆದರೆ ವಕೀಲ ಡಾ. ಚಿತಳೆಯವರು ಸೂಚಿಸಿದ ಕೆಲವು ಉಲ್ಬಣಕಾರಕಗಳನ್ನು ದಿಕ್ಸೂಚಿಯಾಗಿ ಉದ್ಧರಿಸಿತು. ಅವುಗಳಲ್ಲಿ ಕರ್ತವ್ಯನಿರತ ಪೋಲೀಸಿನವನ ಕೊಲೆ ಇದೆ. ಜೊತೆಗೆ ‘ಅಸಾಧಾರಣ ದುಷ್ಟತೆ’ಯೂ ಇದೆ, ಮಾದರಿ ಸಂಹಿತೆಯ ಅದೇ ಎರಡು ಪದಗಳಲ್ಲಿ. 1983ರ ಮಚ್ಚಿ ಸಿಂಗ್ ತೀರ್ಪು ಐದು ವರ್ಗಗಳನ್ನು ಮಾಡಿತು. ಮೊದಲನೆಯದರಲ್ಲಿ ಅತ್ಯಂತ ಕ್ರೂರ, ವಿಕಾರ, ಪೈಶಾಚಿಕ, ಹೇಯ, ನೀಚ ಎಂಬಂಥ ಐದು ವಿಶೇಷಣಗಳು ಸಾಲಾಗಿ ನಿಂತಿವೆ. ಅಷ್ಟಕ್ಕೇ ನಿಲ್ಲದೆ, ಸಮುದಾಯದ ತೀವ್ರವಾದ ಕ್ರೋಧವನ್ನು ಕೆರಳಿಸುವಂಥದೆಂದು ಸ್ಥಾಯಿಭಾವವನ್ನೇ ನೇರವಾಗಿ ಹೆಸರಿಸಿದೆ. ನಮ್ಮ ರಾಜ್ಯದ್ದೇ ಆದ ಸ್ವಾಮಿ ಶ್ರದ್ಧಾನಂದ ವಿರುದ್ಧ ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಲ್ಲಿ, 2008ರಲ್ಲಿ, ನ್ಯಾಯಮೂರ್ತಿ ಅಫ್ತಾಬ್ ಆಲಂ ಅವರಿದ್ದ ಪೀಠ ಈ ವರ್ಗೀಕರಣವು ಬಚನ್ ಸಿಂಗ್ ತೀರ್ಪು ಹಾಕಿದ ಎಲ್ಲೆಯನ್ನು ಬಹಳವಾಗಿ ವಿಸ್ತರಿಸಿತೆಂದು ಗುರುತಿಸಿ, ಮರಣದಂಡನೆಯನ್ನು ಬದುಕಿರುವವರೆಗಿನ ಸೆರೆವಾಸಕ್ಕೆ ಇಳಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಮರಣದಂಡನೆಗೆ ‘ವಿಶೇಷ ಕಾರಣ’ಗಳನ್ನು ಬರೆಯಬೇಕೆಂದು ಹಳೆಯ ಸಂಹಿತೆಯಂತೆಯೇ ಹೇಳುತ್ತದೆ, ಕಾರಣ ಯಾವ ಬಗೆಯದಾಗಿರಬೇಕೆಂದು ಹೇಳುವುದಿಲ್ಲ.

ನಮ್ಮ ಅಧೀನ ನ್ಯಾಯಾಲಯಗಳಲ್ಲಿ ಕನ್ನಡದಲ್ಲಿ ತೀರ್ಪು ಬರೆಯಲು ಅವಕಾಶವುಂಟು. ಅಂಥ ತೀರ್ಪುಗಳನ್ನು ಸಂಗ್ರಹಿಸಿ, ಶಿಕ್ಷೆಯ ಭಾಗದಲ್ಲಿ ‘ಬರ್ಬರ’, ‘ಅಮಾನುಷ’, ‘ಪೈಶಾಚಿಕ’ ಎಂಬ ಪದಗಳು ಎಲ್ಲಿ ಬರುತ್ತವೆ, ಅವುಗಳ ಹಿಂದೆ ಸಾಕ್ಷ್ಯದ ಯಾವ ಸಂಗತಿ ನಿಂತಿದೆ, ಅಥವಾ ಯಾವುದೂ ನಿಂತಿಲ್ಲವೆ ಎಂಬುದನ್ನು ವಿಂಗಡಿಸುವುದು ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಗಳು ಒಂದು ವರ್ಷದಲ್ಲಿ ಮಾಡಬಹುದಾದ ಕೆಲಸ. ಕೊಲೆಯ ಮೊಕದ್ದಮೆಗಳಲ್ಲಿ ಮರಣ ವಿಧಿಸಿದವನ್ನೂ ಜೀವಾವಧಿ ವಿಧಿಸಿದವನ್ನೂ ಎರಡು ಕಟ್ಟುಗಳಾಗಿ ಇಟ್ಟುಕೊಂಡು, ಎರಡರಲ್ಲಿಯೂ ಅದೇ ಪದಗಳು ಬರುತ್ತವೆಯೇ ಎಂದು ಮೊದಲು ನೋಡಬೇಕು.